ಹುಲ್ಲಿನ ವಾಸನೆ ಹೊತ್ತ ದಿನ

ನಮ್ಮೂರಿನಲ್ಲಿ ನಾಳೆಯ ವಾಸನೆ ಇವತ್ತೇ ಬರುತ್ತದೆ. ನಾಳೆ ಯಾರ ಮನೆಯ ಹಾಲು ಉಕ್ಕಿ ಒಲೆಗೆ ಬೀಳುತ್ತದೆ, ಯಾರು ಮೆಣಸಿನಕಾಯಿ ಹುರಿದು ಬೀದಿಗೆಲ್ಲ ಕೆಮ್ಮು ಹಂಚುತ್ತಾರೆ, ಯಾರ ಒಂಟೆ ಅಂಗಳದಲ್ಲಿ ಗಲೀಜು ಮಾಡುತ್ತದೆ, ಎಲ್ಲವೂ ಒಂದು ದಿನ ಮೊದಲೇ ಮೂಗಿಗೆ ಗೊತ್ತು. ಇವತ್ತು ಯಾವ ಹೊತ್ತಿಗೆ ಬಂತೋ ನಾಳೆ ಅದೇ ಹೊತ್ತಿಗೆ ಇನ್ನೊಮ್ಮೆ ಬಂದು ತೀರುತ್ತದೆ. ಗಂಡ ನಾಳೆ ಕುಡಿದು ಬರುತ್ತಾನೆಂದು ಇವತ್ತೇ ತಿಳಿದು, ಇನ್ನೂ ಮಾಡದ ತಪ್ಪಿಗೆ ಹೆಂಡತಿಯಿಂದ ಉಗಿಸಿಕೊಂಡ ಗಂಡಸರು ನಮ್ಮ ಓಣಿಯಲ್ಲೇ ನಾಲ್ಕೈದು ಮಂದಿ ಇದ್ದಾರೆ. ನನ್ನ ಗಂಡನೂ ಅವರಲ್ಲೊಬ್ಬನಾಗಿದ್ದ, ಪುಣ್ಯಾತ್ಮ, ಈಗಿಲ್ಲ. ಹೇಗೂ ಬೈಸಿಕೊಂಡಾಯಿತು, ಕುಡಿಯದಿದ್ದರೆ ಲುಕ್ಸಾನು ಎಂದು ಮರುದಿನ ತಪ್ಪದೆ ಕುಡಿಯುತ್ತಿದ್ದ.

ಬಂದ ವಾಸನೆಯನ್ನು ಯಾರಾದರೂ ಹೊರಬೇಕು, ಅಂದರೆ ನನ್ನದೆಂದು ಕೂಗಿ ಮರುದಿನ ತೀರಿಸಬೇಕು. ಅದು ನಮ್ಮ ಪದ್ಧತಿ. ಹೋಳಿಗೆಯ ವಾಸನೆ ಬಂದರೆ ಮೂರು ಮನೆಯವರು ಬೀದಿಗಿಳಿದು ನಂದು, ನಂದು ಎಂದು ಜಗಳ ಕಾಯುತ್ತಾರೆ. ಗೆದ್ದವರು ಮರುದಿನ ಬೇಳೆ ಬೇಯಿಸುತ್ತಾರೆ. ಕೆಟ್ಟ ವಾಸನೆ ಬಂದಾಗಲೇ ಊರಿನ ಬುದ್ಧಿ ಗೊತ್ತಾಗುವುದು. ನಾನು ಮದುವೆಯಾಗಿ ಬಂದ ವರ್ಷ, ಒಂದು ಮಧ್ಯಾಹ್ನ ತೊಲೆ ಜಂತೆ ಸುಟ್ಟ ವಾಸನೆ ಊರನ್ನೆಲ್ಲ ಕವಿಯಿತು. ಯಾರದೋ ಮನೆ ನಾಳೆ ಉರಿಯುವುದು ಖಂಡಿತ. ಹಿರಿಯರು ಕೈಕಟ್ಟಿ ಕೂರಲಿಲ್ಲ. ಮುರಿದ ಗಾಡಿ, ಹುಳ ಹಿಡಿದ ಬಾಗಿಲು, ಕಾಲಿಲ್ಲದ ಮಂಚ, ಎಲ್ಲವನ್ನೂ ಊರ ಹೊರಗೆ ಒಟ್ಟಿ, ಮರುದಿನ ಅದೇ ಹೊತ್ತಿಗೆ ಬೆಂಕಿಯಿಟ್ಟು, ಇದು ಊರಿನದು ಎಂದು ಕೂಗಿದರು. ವಾಸನೆ ತೀರಿತು, ಒಂದು ಮನೆಯೂ ಸುಡಲಿಲ್ಲ. ಸುಡಬೇಕಾಗಿದ್ದ ಮನೆ ಯಾವುದೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಇಂಥ ಊರಿಗೆ ಸೈನ್ಯ ಬಂದದ್ದು ನಮ್ಮ ಮೂಗನ್ನು ಹುಡುಕಿಕೊಂಡು. ಮರಳಿನಾಚೆಯವರ ಹತ್ತಿರ ವಿಷದ ಗಾಳಿ ಇದೆ, ರೋಗದ ಪುಡಿಯೂ ಇದೆ, ಯಾವತ್ತು ಬಿಡುತ್ತಾರೋ ಹೇಳಲಾಗದು ಎಂಬ ಸುದ್ದಿ ಎಲ್ಲೆಡೆ ಹಬ್ಬಿತ್ತು. ಬೇರೆ ಊರುಗಳಿಗೆ ಗಾಳಿ ಮೂಸುವ ಯಂತ್ರ ಕೊಟ್ಟರು. ಯಂತ್ರ ಅರಚುವ ಹೊತ್ತಿಗೆ ವಿಷ ಹೊಸ್ತಿಲಿಗೆ ಬಂದಿರುತ್ತದೆ. ನಮಗಾದರೋ ಒಂದು ದಿನ ಮೊದಲೇ ಸುಳಿವು ಸಿಗುತ್ತದೆ. ಹಾಗಾಗಿ ಕ್ಯಾಪ್ಟನ್ ಮೇದಪ್ಪ ಎಂಬ ಉದ್ದ ಕಾಲಿನ ಅಧಿಕಾರಿಯೊಬ್ಬರು ಲಾರಿಗಳನ್ನೂ ಮುಖವಾಡಗಳನ್ನೂ ತಂದು ಊರಂಚಿನಲ್ಲಿ ಡೇರೆ ಹೊಡೆದರು.

ಆಹಾ, ಆ ದಿನಗಳ ಸಡಗರವನ್ನು ಏನೆಂದು ಹೇಳಲಿ! ಮೊದಲು ಊರಿಗೆಲ್ಲ ಸೂಜಿ ಚುಚ್ಚಿದರು. ವಾರವಿಡೀ ಒಂದೊಂದು ತೋಳೂ ಬದನೆಕಾಯಿಯಂತೆ ಊದಿತ್ತು. ಆಮೇಲೆ ಮುಖವಾಡ ಹಂಚಿದರು. ರಬ್ಬರಿನ ಮುಖ, ಗಾಜಿನ ಕಣ್ಣು, ಮುಂದಕ್ಕೆ ಚಾಚಿದ ಡಬ್ಬಿ. ನಾವದನ್ನು ಸೊಂಡಿಲು ಎಂದು ಕರೆದೆವು. ಸೈರನ್ ಕೂಗಿದ ಕೂಡಲೇ ಉಸಿರು ಹಿಡಿ, ಕಣ್ಣು ಮುಚ್ಚು, ಸೊಂಡಿಲು ಏರಿಸು, ಪಟ್ಟಿ ಬಿಗಿ, ಜೋರಾಗಿ ಉಸಿರು ಊದು. ದಿನಾ ಬೆಳಿಗ್ಗೆ ಇದೇ ಪಾಠ. ನಾನು ರೊಟ್ಟಿ ಬಡಿಯುವ ಕೈಯಲ್ಲೇ ಹಾಕಿ ಕ್ಯಾಪ್ಟನ್ನರಿಂದ ಶಾಬಾಸ್ ಅನ್ನಿಸಿಕೊಂಡವಳು. ಗಡ್ಡ ಇದ್ದರೆ ಸೊಂಡಿಲು ಕೆನ್ನೆಗೆ ಅಂಟುವುದಿಲ್ಲವೆಂದು ಗಂಡಸರೆಲ್ಲ ಬೋಳಿಸಬೇಕಾಯಿತು. ಕುರಿ ಕಾಯುವ ಮಾಯಪ್ಪ ಮಾತ್ರ ಜಗ್ಗಲಿಲ್ಲ. ಎದೆಯವರೆಗೆ ಇಳಿದ ಗಡ್ಡವನ್ನು ಸವರಿಕೊಳ್ಳುತ್ತ, ಸತ್ತರೆ ಗಡ್ಡದ ಸಮೇತ ಸಾಯುತ್ತೇನೆ ಎಂದುಬಿಟ್ಟ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ.

ಜಗಳ ಹತ್ತಿದ್ದು ಬೆಳ್ಳುಳ್ಳಿಯಿಂದ. ಒಂದು ಜಾತಿಯ ವಿಷಕ್ಕೆ ಬೆಳ್ಳುಳ್ಳಿಯದೇ ವಾಸನೆಯಂತೆ. ನಾವೋ ಬೆಳ್ಳುಳ್ಳಿ ಇಲ್ಲದೆ ನೀರನ್ನೂ ಕುಡಿಯದ ಜನ. ಯಾರಾದರೂ ಒಗ್ಗರಣೆ ಹಾಕಿದರೆ ಹಿಂದಿನ ದಿನ ಒಂದು ಸೈರನ್, ಹಾಕುವ ದಿನ ಇನ್ನೊಂದು. ನಮ್ಮದು, ನಾವು ಹೊತ್ತಿದ್ದೇವೆ ಎಂದು ಎಷ್ಟು ಬಡಿದುಕೊಂಡರೂ ಕ್ಯಾಪ್ಟನ್ ಕೇಳಲೊಲ್ಲರು. ಕಡೆಗೆ ಬೇಸತ್ತು ಊರಿನ ಬೆಳ್ಳುಳ್ಳಿಯನ್ನೆಲ್ಲ ಮೂಟೆ ಕಟ್ಟಿಸಿ ತಮ್ಮ ಉಗ್ರಾಣದಲ್ಲಿ ಬೀಗ ಹಾಕಿಟ್ಟರು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ! ನನಗಂತೂ ಮೈ ಉರಿಯಿತು. ಯಾಕೆಂದರೆ ನನ್ನ ಮಗಳು ಕಸ್ತೂರಿ ಚೊಚ್ಚಲ ಹೆರಿಗೆಗೆ ಬಂದು ಮನೆಯಲ್ಲಿದ್ದಳು, ದಿನ ತುಂಬಿತ್ತು. ಬೆಳ್ಳುಳ್ಳಿ ಇಲ್ಲದೆ ಬಾಣಂತನ ಹೇಗೆ ಮಾಡಲಿ? ಡೇರೆಗೆ ಹೋಗಿ ಜಗಳ ತೆಗೆದೆ. ಕ್ಯಾಪ್ಟನ್ ಕೈಮುಗಿದು ಕೂರಿಸಿ ಚಹಾ ಕೊಟ್ಟರು, ಬೆಳ್ಳುಳ್ಳಿ ಕೊಡಲಿಲ್ಲ.

ಅವತ್ತೇ ನಾನು ಆ ಹುಲ್ಲನ್ನು ಹತ್ತಿರದಿಂದ ನೋಡಿದ್ದು. ಡೇರೆಯ ಹಿಂದೆ ಬಟ್ಟೆಯ ನೆರಳು ಕಟ್ಟಿ, ಎರಡು ಜಮಖಾನದಷ್ಟು ಜಾಗದಲ್ಲಿ ಅವರು ಹಸಿರು ಹುಲ್ಲು ಬೆಳೆಸಿದ್ದರು. ತಮ್ಮೂರಿನ ಗದ್ದೆಯ ಬದುವಿನಿಂದ ಬೇರು ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದದ್ದಂತೆ. ಆಮೇಲೆ ಮೂರು ವರ್ಷದಿಂದ ಅವರಿಗೆ ರಜೆ ಸಿಕ್ಕಿರಲಿಲ್ಲ, ಹೋದಲ್ಲೆಲ್ಲ ಆ ಬೇರನ್ನೇ ನೆಡುತ್ತಿದ್ದರಂತೆ. ಸ್ನಾನ ಬಿಟ್ಟು ಆ ನೀರನ್ನು ಹುಲ್ಲಿಗೆ ಹಾಕುತ್ತಿದ್ದರು. ಮಾಯಪ್ಪನ ಕುರಿಗಳು ಅತ್ತ ಕಣ್ಣು ಹಾಕಿದರೂ ಕಾವಲಿನವನು ಕೋಲೆತ್ತುತ್ತಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ. ಆದರೆ ಸಂಜೆ ಹೊತ್ತು ಆ ಮನುಷ್ಯ ಬೂಟು ಬಿಚ್ಚಿ, ಬರಿಗಾಲನ್ನು ಅದರ ಮೇಲಿಟ್ಟು ಕೂತದ್ದನ್ನು ಕಂಡವರಿಗೆ ಪಾಪ ಎನ್ನಿಸುತ್ತಿತ್ತು. ಆ ಹುಲ್ಲಿಗೆ ಅವರು ಒಮ್ಮೆಯೂ ಕತ್ತರಿ ತಾಗಿಸಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ನಮ್ಮ ಮನೆಯೊಳಗೆ ಓಮಿನ ಹೊಗೆಯ ವಾಸನೆ ಬಂತು. ಒಲೆ ಇನ್ನೂ ಹೊತ್ತಿಸಿರಲಿಲ್ಲ, ಹಾಗಾಗಿ ನಾಳೆಯದೇ. ಓಮಿನ ಹೊಗೆ ಹಾಕುವುದು ಬಾಣಂತಿಗೂ ಕೂಸಿಗೂ. ಅಂದರೆ ನಾಳೆ ಬೆಳಿಗ್ಗೆಯೊಳಗೆ ನಾನು ಅಜ್ಜಿ! ಮಾಳಿಗೆ ಹತ್ತಿ, ಇದು ನಮ್ಮನೆಯದು, ನಿಂಬೆವ್ವನ ಮನೆಯದು ಎಂದು ಗಂಟಲು ಹರಿಯುವಂತೆ ಕೂಗಿದೆ. ಓಣಿಯ ಹೆಂಗಸರು ಬೆಲ್ಲ ಹಂಚಿದರು. ಕಸ್ತೂರಿ ನಾಚಿಕೊಂಡು ಗೋಡೆಯ ಕಡೆ ಮುಖ ಮಾಡಿದಳು. ಸೂಲಗಿತ್ತಿ ಹುಸೇನ್‌ಬಿ ಬಂದು ಹೊಟ್ಟೆ ಮುಟ್ಟಿ ನೋಡಿ, ಮೂಗು ಸುಳ್ಳು ಹೇಳುವುದಿಲ್ಲ ಎಂದು ತಲೆಯಾಡಿಸಿದಳು.

ಮಧ್ಯಾಹ್ನ ಇಳಿದ ಮೇಲೆ ಮರಳಿನ ಕಡೆಯ ಗಾಳಿ ಎದ್ದಿತು. ಅದರ ಜೊತೆ ಆ ವಾಸನೆ ಬಂತು. ಅಂಥದನ್ನು ನಾನು ಹುಟ್ಟಿದಾಗಿನಿಂದ ಮೂಸಿರಲಿಲ್ಲ. ತಂಪಾಗಿತ್ತು, ಸಿಹಿಯಾಗಿತ್ತು, ಆಗತಾನೇ ಮಿಂದು ಬಂದವರು ಪಕ್ಕದಲ್ಲಿ ನಿಂತ ಹಾಗಿತ್ತು. ಊರಿಗೆ ಊರೇ ಬೀದಿಗೆ ಬಂತು. ಗೊತ್ತಿಲ್ಲದ ವಾಸನೆ ಬಂದರೆ ಎದೆ ತುಂಬ ಎಳೆದುಕೊಂಡು ಏನೆಂದು ಕಂಡುಹಿಡಿಯುವುದು ನಮ್ಮ ಹುಟ್ಟುಗುಣ. ಕಣ್ಣು ಮುಚ್ಚಿ, ಮುಖ ಮೇಲೆತ್ತಿ, ಎಲ್ಲರೂ ಎಳೆದೆವು. ಒಬ್ಬರು ಸೌತೆಕಾಯಿ ಎಂದರು, ಇನ್ನೊಬ್ಬರು ಹೊಸ ಮಡಕೆಯ ನೀರು ಎಂದರು. ಹೊರುವವರು ಯಾರೆಂದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಅಷ್ಟರಲ್ಲಿ ಕ್ಯಾಪ್ಟನ್ ಮೇದಪ್ಪ ಬರಿಗಾಲಲ್ಲಿ ಓಡಿಬಂದರು. ಮುಖದಲ್ಲಿ ಎಂಥ ನಗು ಅಂತೀರಿ! ಕಣ್ಣಲ್ಲಿ ನೀರು. ಬೀದಿಯ ನಡುವೆ ನಿಂತು ಒಂದು ಉಸಿರು ಎಳೆದರು, ಇನ್ನೊಂದು ಎಳೆದರು. ಮೂರನೆಯದಕ್ಕೆ ಮುಖದ ರಕ್ತವೆಲ್ಲ ಇಳಿದುಹೋಯಿತು. ಸೈರನ್ ಎಂದು ಕಿರುಚಿದರು. ಸೈರನ್ ಕೂಗಿತು. ನಾವು ಸೊಂಡಿಲು ಏರಿಸಿದೆವು, ಆದರೆ ಎಲ್ಲ ಎಳೆದು ಮುಗಿದಿತ್ತು. ಪುಣ್ಯಕ್ಕೆ ಬಂದದ್ದು ನಾಳೆಯ ವಾಸನೆ, ಬರೀ ವಾಸನೆ.

ವಾಸನೆ ಸರಿದ ಮೇಲೆ ಕ್ಯಾಪ್ಟನ್ ವಿಷಯ ಬಿಡಿಸಿ ಹೇಳಿದರು. ಇನ್ನೊಂದು ಜಾತಿಯ ವಿಷವಿದೆಯಂತೆ, ಬೆಳ್ಳುಳ್ಳಿಯದಕ್ಕಿಂತ ಕೆಟ್ಟದ್ದು, ಶ್ವಾಸಕೋಶಕ್ಕೆ ಇಳಿದರೆ ಮುಗಿಯಿತು. ಅದಕ್ಕೂ ಇದೇ ವಾಸನೆಯಂತೆ. ನಾಳೆ ಇದೇ ಹೊತ್ತಿಗೆ ಆಚೆಯವರು ಅದನ್ನು ಬಿಡುತ್ತಾರೆ, ನಸುಕಿನಲ್ಲಿ ಲಾರಿಗಳು ಹೊರಡುತ್ತವೆ, ಎಲ್ಲರೂ ಹತ್ತಬೇಕು ಎಂದು ಆಜ್ಞೆ ಮಾಡಿದರು. ಯಾರೂ ಗಂಟು ಕಟ್ಟಲು ಹೋಗಲಿಲ್ಲ. ಬಂದ ವಾಸನೆಯನ್ನು ಹೊರದೆ ಊರು ಬಿಟ್ಟವರು ನಮ್ಮಲ್ಲಿ ಇಲ್ಲ. ನನಗೆ ಅದ್ಯಾವುದೂ ಕೇಳಿಸಲಿಲ್ಲ. ಬೆಳಿಗ್ಗೆ ಓಮಿನ ಹೊಗೆ, ಮಧ್ಯಾಹ್ನ ವಿಷ. ನಾಳೆ ಬೆಳಿಗ್ಗೆ ಹುಟ್ಟಿದ ಕೂಸು ನಾಳೆ ಮಧ್ಯಾಹ್ನ ಯಾವ ಗಾಳಿ ಕುಡಿಯುತ್ತದೆ?

ಮನೆಗೆ ಓಡಿದೆ. ಕಸ್ತೂರಿಗೆ ನೋವು ಶುರುವಾಗಿತ್ತು. ಕ್ಯಾಪ್ಟನ್ ಹಿಂದೆಯೇ ಬಂದು ಬಾಗಿಲಲ್ಲಿ ನಿಂತು, ಇವರನ್ನು ಮೊದಲ ಲಾರಿಯಲ್ಲಿ ಮಲಗಿಸೋಣ ಎಂದರು. ಹುಸೇನ್‌ಬಿ ಒಳಗಿನಿಂದಲೇ ಬೈದಳು. "ಲಾರಿ ಗೀರಿ ಏನೂ ಬ್ಯಾಡ. ಆ ಕುಲುಕಾಟಕ್ಕ ತಾಯಿನೂ ಉಳಿಯಂಗಿಲ್ಲ, ಕೂಸೂ ಉಳಿಯಂಗಿಲ್ಲ."

ಹಾಗಾದರೆ ಕೂಸಿಗೊಂದು ಸೊಂಡಿಲು ಕೊಡಿ ಎಂದೆ. ಕ್ಯಾಪ್ಟನ್ ಉಗ್ರಾಣವನ್ನೆಲ್ಲ ತಡಕಾಡಿ ಇದ್ದುದರಲ್ಲಿ ಚಿಕ್ಕದನ್ನು ತಂದರು. ಅದರೊಳಗೆ ಕೂಸಿನ ತಲೆಯಲ್ಲ, ಇಡೀ ಕೂಸೇ ಹಿಡಿಸುತ್ತಿತ್ತು. ತೊಟ್ಟಿಲಿಗೆ ರಬ್ಬರು ಹಾಳೆ ಸುತ್ತೋಣ ಎಂದರು. ಆ ಹಾಳೆಯಲ್ಲಿ ನನ್ನ ತಲೆಯನ್ನೇ ಸುತ್ತಿಕೊಂಡು ನೋಡಿದೆ, ಉಸಿರು ಕಟ್ಟಿತು. ದೇಶ ಕಾಯುವ ಮನುಷ್ಯ, ಖಾಲಿ ತೊಟ್ಟಿಲ ಮುಂದೆ ರಬ್ಬರು ಹಾಳೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

ಆಗ ನನಗೆ ಕೇಳಬೇಕೆನ್ನಿಸಿತು. ಆ ವಾಸನೆ ಬಂದಾಗ ಮೊದಲು ನಕ್ಕಿರಲ್ಲ, ಯಾಕೆ ಎಂದು ಕೇಳಿದೆ. ಅವರು ತಲೆ ತಗ್ಗಿಸಿದರು. "ನಮ್ಮೂರಲ್ಲಿ ಹಸಿ ಹುಲ್ಲು ಕೊಯ್ದಾಗ ಇದೇ ವಾಸನೆ ಬರೋದಮ್ಮ. ಒಂದು ಗಳಿಗೆ ಮನೆಗೇ ಹೋದ ಹಾಗಾಯ್ತು."

"ಹುಲ್ಲು ಕೊಯ್ದ್ರ ಬರತೈತೇನು? ಬರೇ ಹುಲ್ಲು?"

ಹೌದೆಂದರು. ಎಂಥ ಸಂತೋಷವಾಯಿತು ನನಗೆ! ಅದನ್ನು ಮೊದಲೇ ಬೊಗಳಬಾರದಿತ್ತೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಇಡೀ ಮರಳುಗಾಡಿನಲ್ಲಿ ಹಸಿ ಹುಲ್ಲಿರುವುದು ಒಂದೇ ಕಡೆ. ನಾಳೆ ಇದೇ ಹೊತ್ತಿಗೆ ಅದನ್ನು ಕೊಯ್ದು ಈ ವಾಸನೆಯನ್ನು ನಾವೇ ಹೊತ್ತುಬಿಟ್ಟರೆ ಆಚೆಯವರಿಗೆ ಏನು ಉಳಿಯುತ್ತದೆ? ಬೀದಿಗೆ ಬಂದು ಹೇಳಿದೆ. ಹೌದ್ಹೌದು ಎಂದು ಊರೆಲ್ಲ ಎದ್ದು ನಿಂತಿತು. ಕ್ಯಾಪ್ಟನ್ ಒಪ್ಪಲಿಲ್ಲ. ಶತ್ರು ತೋಪು ತುಂಬಿ ಕೂತಿರುವಾಗ ಇಲ್ಲಿ ಹುಲ್ಲು ಕೊಯ್ದರೆ ಅವನು ಹಾರಿಸದೆ ಬಿಡುತ್ತಾನೆಯೇ, ಇದು ಯುದ್ಧ, ಅಡುಗೆ ಮನೆಯಲ್ಲ ಎಂದರು. ಹೇಳುವಾಗ ಅವರ ಕಣ್ಣು ಡೇರೆಯ ಹಿಂದಿನ ನೆರಳಿನ ಕಡೆಗೇ ಹೋಗುತ್ತಿತ್ತು. ಹುಲ್ಲಿನ ಆಸೆ ಎಷ್ಟು, ಯುದ್ಧದ ಚಿಂತೆ ಎಷ್ಟು, ಅವರಿಗೇ ಗೊತ್ತಿರಲಿಕ್ಕಿಲ್ಲ.

ಮಾಯಪ್ಪ ಗುಂಪಿನಿಂದ ಮುಂದೆ ಬಂದ. ಸೊಂಟದಲ್ಲಿ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ. ಅದನ್ನು ತೆಗೆದು ಎಡಗೈಯಲ್ಲಿ ಗಡ್ಡವನ್ನು ಹಿಡಿದುಕೊಂಡ.

"ಸಾಹೇಬ್ರ, ನನ್ನ ಗಡ್ಡ ನಾ ಕೊಡ್ತೀನಿ. ನಿಮ್ಮದು ನೀವು ಕೊಡ್ರಿ."

ಹೇಳಿದವನೇ ಕಚಕ್ಕನೆ ಕತ್ತರಿಸಿ ಮರಳಿಗೆ ಹಾಕಿದ. ಮಾಯಪ್ಪನಿಗೆ ಗಲ್ಲ ಇರುವುದು ನಮಗೆ ಅವತ್ತೇ ಗೊತ್ತಾದದ್ದು. ಕ್ಯಾಪ್ಟನ್ ಆ ಗಡ್ಡವನ್ನು ನೋಡಿ, ಮಾಯಪ್ಪನ ಕೈಯಿಂದ ಕತ್ತರಿ ತೆಗೆದುಕೊಂಡರು. ಆಮೇಲೆ, ಕೊಯ್ಯೋದಾದ್ರೆ ನಾನೇ ಕೊಯ್ಯುತ್ತೇನೆ, ಆದರೆ ಯಾರೂ ಸೊಂಡಿಲು ತೆಗೆಯಕೂಡದು ಎಂದರು. ಲಾರಿಗಳನ್ನೂ ತಯಾರಾಗಿಯೇ ಇಡಿಸಿದರು. ಬೆಳಗಾಯಿತು, ಒಬ್ಬರೂ ಹತ್ತಲಿಲ್ಲ.

ಓಮಿನ ಹೊಗೆಯ ಹೊತ್ತಿಗೆ ಸರಿಯಾಗಿ ಕೂಸು ಹುಟ್ಟಿತು. ಗಂಡು. ಮೂಗು ನಮ್ಮ ಮನೆತನದ್ದೇ, ಮುಖಕ್ಕಿಂತ ಮೊದಲು ಅದೇ ಬಂತು ಎಂದು ಹುಸೇನ್‌ಬಿ ನಕ್ಕಳು. ಕೆಂಡಕ್ಕೆ ಓಮು ಹಾಕಿ, ಕೂಸನ್ನು ಹೊಗೆಗೆ ಹಿಡಿದು, ಕಸ್ತೂರಿಯ ಪಕ್ಕ ಮಲಗಿಸಿದೆ. ಸಂತೋಷ ಪಡಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಕಸ್ತೂರಿ ನನ್ನ ಕೈ ಹಿಡಿದಳು. "ಯವ್ವಾ, ನೀ ಹೋಗು. ಹುಲ್ಲು ಕೊಯ್ದು ಬಾ. ನಾ ಇದನ್ನ ಎದಿಗೆ ಒತ್ತಿಕೊಂಡಿರ್ತೀನಿ."

ಹೋದೆ. ಮರಳಿನ ಗಾಳಿ ಏಳುವ ಹೊತ್ತು. ಊರಿನ ಮೊರಗಳೆಲ್ಲ ಡೇರೆಯ ಹಿಂದೆ ಸೇರಿದ್ದವು. ಎಲ್ಲರೂ ಸೊಂಡಿಲು ಧರಿಸಿದ್ದರು, ಸೀರೆ ಉಟ್ಟ ಆನೆಗಳು, ಪಂಚೆ ಉಟ್ಟ ಆನೆಗಳು. ಕ್ಯಾಪ್ಟನ್ ಮೊಣಕಾಲೂರಿ ಕೂತು, ಮಾಯಪ್ಪನ ಕತ್ತರಿ ಹಿಡಿದು, ಮೊದಲ ಹಿಡಿ ಕೊಯ್ದರು. ಅದನ್ನು ಮೊರಕ್ಕೆ ಹಾಕಿ ಎರಡನೆಯದನ್ನು ಕೊಯ್ದರು. ಆಮೇಲೆ ಎಲ್ಲರೂ ನುಗ್ಗಿದೆವು ನೋಡಿ! ಉಣ್ಣೆಯ ಕತ್ತರಿ, ಈಳಿಗೆ, ಕ್ಷೌರದ ಕತ್ತಿ, ಕೈಗೆ ಸಿಕ್ಕಿದ್ದರಲ್ಲಿ ಕೊಯ್ದೆವು. ಕೊಯ್ದದ್ದನ್ನು ಮೊರಕ್ಕೆ ಹಾಕಿ, ಅಂಗೈಯಲ್ಲಿ ಹೊಸಕಿ, ಓಣಿ ಓಣಿಗೆ ಓಡಿದೆವು. ಹೊಸ್ತಿಲಿಗೆ ಒರೆಸಿದೆವು, ಬಾವಿಕಟ್ಟೆಗೆ ಒರೆಸಿದೆವು, ಗಾಳಿ ಬರುವ ದಿಕ್ಕಿನ ಗೋಡೆಗಳಿಗೆಲ್ಲ ತಿಕ್ಕಿದೆವು. ಇದು ಊರಿನದು, ಇದು ಊರಿನದು ಎಂದು ಕೂಗಿದರೆ ಸೊಂಡಿಲಿನೊಳಗೆ ಅದು ಬರೀ ಗುಂಯ್ ಗುಂಯ್ ಎನ್ನುತ್ತಿತ್ತು. ನನ್ನ ಇಡೀ ಆಯುಷ್ಯದಲ್ಲಿ ಅಷ್ಟು ಜೋರಾಗಿ ನಾನು ಓಡಿಲ್ಲ. ಮೊಣಕಾಲು ನೋವು ಎಲ್ಲಿ ಹೋಗಿತ್ತೋ ಏನೋ.

ಹಸಿರು ಮೆತ್ತಿದ ಮೊರವನ್ನು ನಮ್ಮ ಬಾಗಿಲಿಗೆ ಒರಗಿಸಿ ಒಳಗೆ ಹೋದೆ. ಗಾಳಿ ಕಿಟಕಿಯ ಪರದೆಯನ್ನು ಎತ್ತಿ ಹಾಕುತ್ತಿತ್ತು. ಹುಸೇನ್‌ಬಿ ಸೊಂಡಿಲಿನಲ್ಲಿ ಗೋಡೆಗೊರಗಿದ್ದಳು. ಕಸ್ತೂರಿ ಸೊಂಡಿಲಿನಲ್ಲಿ ಕೂಸನ್ನು ಅಪ್ಪಿದ್ದಳು. ಕೂಸು ಬರಿಯ ಮುಖದಲ್ಲಿ ಮಲಗಿತ್ತು, ಅದರ ಪುಟ್ಟ ಎದೆ ಏರಿ ಇಳಿಯುತ್ತಿತ್ತು. ಆಗ ನಾವು ಮಾಡಿದ ಎಡವಟ್ಟು ತಿಳಿಯಿತು. ಊರೆಲ್ಲ ಸೊಂಡಿಲು ಹಾಕಿಕೊಂಡಿದೆ, ವಾಸನೆ ಬಂತೋ ಇಲ್ಲವೋ ಹೇಳುವವರು ಯಾರು? ಬಂದದ್ದು ಹುಲ್ಲೋ ವಿಷವೋ, ಗೊತ್ತಿದ್ದದ್ದು ಆ ಒಂದು ಮೂಗಿಗೆ ಮಾತ್ರ.

ನನ್ನ ಮೊಮ್ಮಗ ಕುಡಿಯುವ ಗಾಳಿ ನನಗೇನು ಬೇಡವೇ? ಪಟ್ಟಿ ಎಳೆದು ಸೊಂಡಿಲು ಕಿತ್ತೆಸೆದೆ. ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಕ್ಯಾಪ್ಟನ್ ಬೇಡ ಬೇಡ ಎಂದು ಕೈಯಾಡಿಸಿದರು. ಕೂಸಿನ ಮುಖದ ಪಕ್ಕ ಮುಖವಿಟ್ಟು ಎದೆ ತುಂಬ ಎಳೆದೆ. ತಂಪು, ಸಿಹಿ, ನಿನ್ನೆಯದೇ. ಉಸಿರು ಬಿಟ್ಟೆ, ಮತ್ತೆ ಎಳೆದೆ. ಗಂಟಲು ಉರಿಯಲಿಲ್ಲ. ಕೂಸು ಒಂದು ಸಲ ಸೀನಿ, ಬಾಯಿ ಚಪ್ಪರಿಸಿ, ನಿದ್ದೆ ಮುಂದುವರಿಸಿತು. ಕ್ಯಾಪ್ಟನ್ ಗಾಜಿನ ಕಣ್ಣಿನಲ್ಲಿ ನಮ್ಮಿಬ್ಬರನ್ನೂ ನೋಡುತ್ತಲೇ ಇದ್ದರು. ಆಮೇಲೆ ನಿಧಾನವಾಗಿ ತಮ್ಮದನ್ನೂ ತೆಗೆದು, ಹೊಸ್ತಿಲ ಮೇಲೆ ಕೂತು, ಮಕ್ಕಳ ಹಾಗೆ ಅತ್ತರು.

ನಿನ್ನೆ ಬಂದದ್ದು ನನ್ನ ಹುಲ್ಲಿನ ವಾಸನೆಯೇ ಇರಬೇಕು, ಸುಮ್ಮನೆ ಹೆದರಿದೆವು ಎಂದರು ಅವರು. ಇರಬಹುದು. ನಾವು ಹೊರದಿದ್ದರೆ ಅದು ಯಾರದಾಗುತ್ತಿತ್ತೋ ನನಗಂತೂ ಗೊತ್ತಿಲ್ಲ. ಸುಡದ ಮನೆಯ ವಿಳಾಸ ಕೇಳಬಾರದು.

ಸಂಜೆ ಊರಿಗೆ ಊರೇ ನಮ್ಮ ಕಟ್ಟೆಯ ಮೇಲಿತ್ತು. ಮಾಯಪ್ಪ ಬೋಳು ಗಲ್ಲ ಸವರಿಕೊಳ್ಳುತ್ತ ಎಲ್ಲರ ನಗೆಗೂ ಗುರಿಯಾಗಿದ್ದ. ಇದ್ದಕ್ಕಿದ್ದಂತೆ ಎಲ್ಲರ ಮೂಗೂ ಒಟ್ಟಿಗೆ ಮೇಲೆದ್ದಿತು. ಗಾಳಿಯಲ್ಲಿ ಬೆಳ್ಳುಳ್ಳಿ. ಘಮ್ಮೆಂದು, ಮೂಗು ತುಂಬುವಷ್ಟು ಬೆಳ್ಳುಳ್ಳಿ. ಊರಿನ ಒಂದು ಮನೆಯಲ್ಲೂ ಒಂದು ಎಸಳು ಇರಲಿಲ್ಲ. ಕ್ಯಾಪ್ಟನ್ ಎದ್ದು ನಿಂತರು, ಸೊಂಡಿಲಿನ ಚೀಲಕ್ಕೆ ಕೈ ಹೋಯಿತು. ನಾನು ಕಟ್ಟೆಯ ಅಂಚಿಗೆ ಬಂದು ಸೆರಗು ಬಿಗಿದೆ.

"ಇದು ನಮ್ಮನೀದು! ನಾಳೆ ಈ ಹೊತ್ತಿಗೆ ನನ್ನ ಬಾಣಂತಿಗೆ ಬೆಳ್ಳುಳ್ಳಿ ಹುರೀತೀನಿ. ನಿಂಬೆವ್ವ ಹೊತ್ತಾಳ!"

ಕ್ಯಾಪ್ಟನ್ ನನ್ನ ಮುಖ ನೋಡಿದರು, ತಿರುಗಿ ಡೇರೆಯ ಕಡೆ ಓಡಿದರು. ಮುಗಿಯಿತು, ಸೈರನ್ನಿಗೇ ಹೋದ ಪುಣ್ಯಾತ್ಮ ಎಂದುಕೊಂಡೆ. ಸೈರನ್ ಕೂಗಲಿಲ್ಲ. ಸ್ವಲ್ಪ ಹೊತ್ತಿಗೆ ಬೆನ್ನ ಮೇಲೆ ಮೂಟೆ ಹೊತ್ತುಕೊಂಡು ಬಂದರು. ಅದನ್ನು ಕಟ್ಟೆಯ ಮೇಲೆ ಸುರಿದರೆ ಗಡ್ಡೆಗಳು ಉರುಳಿ ಬೀದಿಗೆಲ್ಲ ಹರಡಿದವು. ಒಂದು ಮನೆ ಸಾಲದು, ಎಲ್ಲರ ಮನೆಯಲ್ಲೂ ಹುರಿಯಿರಿ ಎಂದರು. ಆಮೇಲೆ ಬೂಟು ಬಿಚ್ಚಿಟ್ಟು ನನ್ನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಸಿಪ್ಪೆ ಹೇಗೆ ಬಿಡಿಸುವುದೆಂದು ಕೇಳಿದರು. ತೋರಿಸಿಕೊಟ್ಟೆ. ಆಚೆಯವರಿಗೆ ಒಂದು ಎಸಳಿನಷ್ಟು ವಾಸನೆಯೂ ಉಳಿಯಬಾರದೆಂದು ಊರೆಲ್ಲ ಕೂತು ಬಿಡಿಸಿದೆವು.